ಅರ್ಧಕ್ಕೇ ಕೈಬಿಡಿಸಿದ ಕಾಯಕ

ನೀಲಿ ಉಡುಪು ತೊಟ್ಟು, ಬೆನ್ನಿಗೆ ಕೆಂಪು ಹೊದಿಕೆ ಕಟ್ಟಿಕೊಂಡು ಆಕಾಶದಲ್ಲಿ ಹಾರಾಡುವ ಸೂಪರ್‌ಮ್ಯಾನನನ್ನು ಮನೆಯ ಮಕ್ಕಳು ಕಣ್ಣರಳಿಸಿ ನೋಡುತ್ತಿರುವಾಗ, ಹಿರಿಯರಾದ ನಾವು ಅದೊಂದು ಹುಡುಗಾಟಿಕೆಯೆಂದು ಬಗೆದು ಒಳಮನೆಗೆ ಹೋಗಿಬಿಡುವುದುಂಟು. ಆದರೆ ಆ ಚಿತ್ರಗಳ ಎರಡನೆಯ ಭಾಗದ ಹಿಂದೆ ಹುಡುಗಾಟವಲ್ಲದ ಒಂದು ಕಥೆಯಿದೆ. ಮುಕ್ಕಾಲು ಪಾಲು ಕೆಲಸ ಮುಗಿಸಿದ್ದ ನಿರ್ದೇಶಕನೊಬ್ಬನನ್ನು ಹೊರಗೆ ಕಳುಹಿಸಿ ಬೇರೊಬ್ಬರಿಂದ ಚಿತ್ರವನ್ನು ಪೂರೈಸಿದ ಕಥೆ ಅದು. ಆ ಅನ್ಯಾಯವನ್ನು ಅಭಿಮಾನಿಗಳು ಇಪ್ಪತ್ತೈದು ವರ್ಷಗಳ ಕಾಲ ಮರೆಯಲಿಲ್ಲ. ಕೃತಿಯೊಂದು ಹಣ ಹಾಕಿದವನದೋ, ಕಟ್ಟಿದವನದೋ, ಅದನ್ನು ಎದೆಗೆ ಹಚ್ಚಿಕೊಂಡವರದೋ ಎಂಬ ಪ್ರಶ್ನೆ ಇದರಲ್ಲಿ ಅಡಗಿರುವುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಲು ಬಯಸುತ್ತೇವೆ.

ಸೂಪರ್‌ಮ್ಯಾನನ ಹುಟ್ಟಿನಲ್ಲಿಯೇ ಇಂಥದೊಂದು ನೋವು ಸೇರಿಕೊಂಡಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು ಈ ಪಾತ್ರವನ್ನು ಕಲ್ಪಿಸಿದರು. 1938ರಲ್ಲಿ ಅದು ಚಿತ್ರಕಥೆಯ ಪುಸ್ತಕವಾಗಿ ಹೊರಬಂದಾಗ ಅವರು ಅದರ ಸಕಲ ಹಕ್ಕನ್ನೂ ಬರೆದುಕೊಟ್ಟದ್ದು ಬರೇ 130 ಡಾಲರ್‌ಗೆ! ಪ್ರಕಾಶಕರು ಕೋಟಿಗಟ್ಟಲೆ ಗಳಿಸಿದರು. ಹುಟ್ಟಿಸಿದವರು ಬಡತನದಲ್ಲಿ ಮುದುಕರಾದರು. ಮೊದಲನೆಯ ಚಲನಚಿತ್ರದ ಸಿದ್ಧತೆ ನಡೆದಿದ್ದ 1975ರಲ್ಲಿ ಸಹಕಲಾವಿದರೂ ಓದುಗರೂ ದನಿಯೆತ್ತಿದ ಮೇಲೆ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ನಿವೃತ್ತಿವೇತನ ಗೊತ್ತುಮಾಡಿ, ಸೃಷ್ಟಿಕರ್ತರೆಂದು ಅವರ ಹೆಸರನ್ನು ಮತ್ತೆ ಮುದ್ರಿಸಲಾಯಿತು. ಅಭಿಮಾನಿಗಳು ಮನಸ್ಸುಮಾಡಿದರೆ ಸಂಸ್ಥೆಗಳೂ ಬಾಗುತ್ತವೆಂಬುದು ಆ ವಲಯಕ್ಕೆ ಅಂದೇ ತಿಳಿದಿತ್ತು.

ಚಲನಚಿತ್ರದ ಹಕ್ಕನ್ನು ಪಡೆದವರು ಅಲೆಕ್ಸಾಂಡರ್ ಸಾಲ್ಕಿಂಡ್ ಮತ್ತು ಅವರ ಮಗ ಇಲ್ಯಾ ಸಾಲ್ಕಿಂಡ್. ಈ ತಂದೆಮಕ್ಕಳ ವ್ಯವಹಾರ ಬಲು ಜಾಣತನದ್ದು. ಇದಕ್ಕೆ ಮೊದಲು ಅವರು ಮೂವರು ಬಂದೂಕುಧಾರಿಗಳ ಫ್ರೆಂಚ್ ಕಥೆಯನ್ನು ಚಿತ್ರಿಸಿ, ಒಂದೇ ಸಲದ ಚಿತ್ರೀಕರಣವನ್ನು 1973ರಲ್ಲಿ ಒಂದು, 1974ರಲ್ಲಿ ಇನ್ನೊಂದು ಎಂದು ಎರಡು ಚಿತ್ರಗಳಾಗಿ ಮಾರಿದ್ದರು. ಒಂದೇ ಚಿತ್ರದ ಸಂಬಳ ಪಡೆದಿದ್ದ ನಟರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅಂದಿನಿಂದ ಹಾಲಿವುಡ್ಡಿನ ಒಪ್ಪಂದಗಳಲ್ಲಿ, ತೆಗೆದುದು ಎಷ್ಟು ಚಿತ್ರವೆಂದು ಮೊದಲೇ ಖಚಿತಪಡಿಸುವ ಷರತ್ತಿಗೆ ಇವರ ಹೆಸರೇ ಅಂಟಿಕೊಂಡಿತು. ಆ ಚಿತ್ರಗಳ ನಿರ್ದೇಶಕರು ರಿಚರ್ಡ್ ಲೆಸ್ಟರ್. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬರುತ್ತದೆ.

ಸೂಪರ್‌ಮ್ಯಾನ್ ಚಿತ್ರದ ಎರಡು ಭಾಗಗಳನ್ನೂ ಒಟ್ಟಿಗೇ ತೆಗೆಯುವುದೆಂದು ಈ ಸಲ ಮೊದಲೇ ಬಹಿರಂಗವಾಗಿ ಗೊತ್ತುಮಾಡಿದರು. ನಿರ್ದೇಶನಕ್ಕೆ ರಿಚರ್ಡ್ ಡಾನರ್ ಬಂದರು. 1977ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಕೆಲಸ ಮೊದಲಾಯಿತು. ಡಾನರ್ ಅವರದು ಒಂದೇ ಹಟ: ಹಾರುವ ಮನುಷ್ಯನ ಕಥೆಯಾದರೂ ನೋಡುವವನಿಗೆ ಅದು ನಿಜವೆನ್ನಿಸಬೇಕು, ಅಪಹಾಸ್ಯದ ಒಂದು ಎಳೆಯೂ ಅದರಲ್ಲಿ ಸುಳಿಯಬಾರದು. ನಾಯಕನಾಗಿ ಅಷ್ಟೇನೂ ಹೆಸರಾಗದಿದ್ದ ಕ್ರಿಸ್ಟೋಫರ್ ರೀವ್, ಪತ್ರಕರ್ತೆ ಲೋಯಿಸ್ ಲೇನ್ ಆಗಿ ಮಾರ್ಗಟ್ ಕಿಡರ್, ಖಳನಾಗಿ ಜೀನ್ ಹ್ಯಾಕ್‌ಮನ್. ನಾಯಕನ ತಂದೆ ಜೋರ್-ಎಲ್ ಪಾತ್ರಕ್ಕೆ ಮಾರ್ಲನ್ ಬ್ರಾಂಡೋ. ಎರಡು ವಾರಕ್ಕೂ ಕಡಿಮೆ ಅವಧಿಯ ಕೆಲಸಕ್ಕೆ ಬ್ರಾಂಡೋ ಪಡೆದ ಸಂಭಾವನೆ 37 ಲಕ್ಷ ಡಾಲರ್. ಅದಲ್ಲದೆ ಗಳಿಕೆಯಲ್ಲಿ ಪಾಲು ಬೇರೆ. ಅವರ ಎರಡೂ ಭಾಗಗಳ ದೃಶ್ಯಗಳನ್ನು ಆಗಲೇ ತೆಗೆದಿಟ್ಟುಕೊಳ್ಳಲಾಯಿತು.

ಖರ್ಚು ಏರಿತು, ದಿನಗಳು ಬೆಳೆದವು. ಅದರೊಂದಿಗೆ ನಿರ್ಮಾಪಕರಿಗೂ ನಿರ್ದೇಶಕರಿಗೂ ಮಾತು ಮುರಿಯಿತು. ವೆಚ್ಚದ ಅಂದಾಜುಪಟ್ಟಿಯನ್ನು ತಮಗೆ ಯಾರೂ ತೋರಿಸಲೇ ಇಲ್ಲ, ಮೀರಿತೆಂದು ಮಾತ್ರ ಬಯ್ದರು ಎಂದು ಡಾನರ್ ಮುಂದೆ ಹೇಳಿಕೊಂಡಿದ್ದಾರೆ. ಒಬ್ಬರನ್ನೊಬ್ಬರು ಮಾತನಾಡಿಸದ ಸ್ಥಿತಿ ಬಂದಾಗ ಇಬ್ಬರ ನಡುವೆ ಸುದ್ದಿ ಮುಟ್ಟಿಸಲು ಕರೆಸಿದ್ದು ಇದೇ ಲೆಸ್ಟರ್ ಅವರನ್ನು. ಹಿಂದಿನ ಚಿತ್ರಗಳ ಬಾಕಿ ಹಣ ಸಾಲ್ಕಿಂಡರಿಂದ ಬರಬೇಕಾಗಿತ್ತು, ಆ ಕಾರಣದಿಂದಲೇ ಅವರು ಒಪ್ಪಿಕೊಂಡರು ಎನ್ನುತ್ತಾರೆ. ಕೊನೆಗೆ ಎರಡನೆಯ ಭಾಗದ ಸುಮಾರು ಮುಕ್ಕಾಲು ಪಾಲು ಮುಗಿದಿದ್ದ ಹಂತದಲ್ಲಿ ಅದನ್ನು ನಿಲ್ಲಿಸಿ, ಮೊದಲನೆಯದನ್ನು ತೆರೆಗೆ ತರುವುದೆಂದು ತೀರ್ಮಾನವಾಯಿತು. ಎರಡನೆಯ ಭಾಗಕ್ಕೆಂದು ಯೋಚಿಸಿದ್ದ ಅಂತ್ಯವನ್ನೂ, ಅಂದರೆ ನಾಯಕನು ಭೂಮಿಯನ್ನು ಸುತ್ತಿ ಹಾರಿ ಕಾಲವನ್ನೇ ಹಿಂದಕ್ಕೆ ತಿರುಗಿಸುವ ಪ್ರಸಂಗವನ್ನೂ, ತೆಗೆದು ಮೊದಲನೆಯದಕ್ಕೆ ಸೇರಿಸಿದರು. ನಾಳಿನ ಬೀಜದ ಕಾಳನ್ನು ಇಂದಿನ ಅಡಿಗೆಗೆ ಹಾಕಿದ ಹಾಗೆ!

1978ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಚಿತ್ರ ಜಗತ್ತಿನಾದ್ಯಂತ 30 ಕೋಟಿ ಡಾಲರ್ ತಂದಿತು. ಇಷ್ಟಾದ ಮೇಲೆ ಉಳಿದ ಕಾಲು ಭಾಗವನ್ನು ಮುಗಿಸಲು ಡಾನರ್ ಅವರನ್ನೇ ಕರೆಯುವರೆಂದು ಯಾರಾದರೂ ಭಾವಿಸಬಹುದಾಗಿತ್ತು. ಆದರೆ 1979ರಲ್ಲಿ ಅವರಿಗೆ ಬಂದುದು ಒಂದು ತಂತಿ ಸಂದೇಶ. ಅವರ ಸೇವೆ ಇನ್ನು ಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ಡಾನರ್ ಕೂಡ ಮಾತಿನಲ್ಲಿ ಸೌಮ್ಯರೇನೂ ಆಗಿರಲಿಲ್ಲ; ನಿರ್ಮಾಣದ ಹೊಣೆ ಹೊತ್ತ ಪಿಯರ್ ಸ್ಪೆಂಗ್ಲರ್ ಇರುವ ತನಕ ತಾನು ಬರಲಾರೆನೆಂದು ಪತ್ರಿಕೆಗೇ ಹೇಳಿದ್ದರು. ಇದನ್ನು ಮುಚ್ಚಿಟ್ಟು ಒಂದೇ ಕಡೆಯ ದೂರನ್ನು ಕೇಳಿಸುವುದು ನ್ಯಾಯವಾಗಲಾರದು. ಆದರೂ, ಉತ್ತು ಬಿತ್ತಿ ಪೈರು ತೆನೆಗಟ್ಟಿದ ಮೇಲೆ ಒಕ್ಕಣೆಗೆ ಬೇರೆಯವನನ್ನು ನಿಲ್ಲಿಸುವುದು ರೈತಾಪಿ ಮನೆಗಳಲ್ಲಿ ಹುಟ್ಟಿದ ನಮ್ಮಂಥವರಿಗೆ ಹೇಗೆ ಕಾಣುತ್ತದೆಂದು ಹೇಳಬೇಕಾಗಿಲ್ಲ.

ಕಾಯಕವನ್ನು ಕಿತ್ತುಕೊಂಡಾಗ ಜೊತೆಗಾರರು ಹೇಗೆ ನಡೆದುಕೊಂಡರೆಂಬುದು ಈ ಪ್ರಸಂಗದಲ್ಲಿ ನಮಗೆ ಬಹಳ ಹಿಡಿಸಿದ ಸಂಗತಿ. ಕಥೆಯನ್ನು ತಿದ್ದಿಕೊಟ್ಟಿದ್ದ ಟಾಮ್ ಮ್ಯಾಂಕಿವಿಚ್ ಅವರನ್ನು ಮರಳಿ ಕರೆದರು. ಸ್ನೇಹಿತನಿಲ್ಲದ ಕಡೆ ತನಗೇನು ಕೆಲಸವೆಂದು ಅವರು ಹೋಗಲಿಲ್ಲ. ಸಂಕಲನಕಾರ ಸ್ಟುವರ್ಟ್ ಬೇರ್ಡ್ ಹೋಗಲಿಲ್ಲ. ಸಂಗೀತ ನೀಡಿದ್ದ ಜಾನ್ ವಿಲಿಯಮ್ಸ್ ಕೂಡ ಈ ಚಿತ್ರಕ್ಕಿಲ್ಲ. ಅವರ ರಾಗಗಳನ್ನೇ ಇಟ್ಟುಕೊಂಡು ಕೆನ್ ಥಾರ್ನ್ ಎಂಬವರು ಕೆಲಸ ಮುಗಿಸಿದರು. ಹ್ಯಾಕ್‌ಮನ್ ಮರುಚಿತ್ರೀಕರಣಕ್ಕೆ ಬರಲಿಲ್ಲವಾದ್ದರಿಂದ ಅಲ್ಲಲ್ಲಿ ಅವರ ಬದಲಿಗೆ ಬೇರೊಬ್ಬನನ್ನು ನಿಲ್ಲಿಸಿ, ಅವರ ದನಿಯನ್ನು ಅನುಕರಿಸಿ ತುಂಬಿದರು. ಬ್ರಾಂಡೋ ತಮ್ಮ ಪಾಲಿನ ಹಣಕ್ಕಾಗಿ ದಾವೆ ಹೂಡಿದ್ದರು. ಅವರಿಗೆ ಮತ್ತೆ ಪಾಲು ಕೊಡಬಾರದೆಂದು ನಿರ್ಮಾಪಕರು ಅವರ ದೃಶ್ಯಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ, ತಂದೆಯ ಜಾಗದಲ್ಲಿ ತಾಯಿಯ ಪಾತ್ರವನ್ನು ತಂದು ನಿಲ್ಲಿಸಿದರು. ಮಾರ್ಗಟ್ ಕಿಡರ್ ನಿರ್ಮಾಪಕರ ನಡತೆಯನ್ನು ಬಹಿರಂಗವಾಗಿಯೇ ಟೀಕಿಸಿದರು. 1983ರ ಮೂರನೆಯ ಭಾಗದಲ್ಲಿ ಅವರ ಪಾತ್ರ ಕೆಲವೇ ನಿಮಿಷಗಳಿಗೆ ಇಳಿದಿತ್ತು.

ಲೆಸ್ಟರ್ ಮುಗಿಸಿದ ಚಿತ್ರ 1980ರ ಡಿಸೆಂಬರ್‌ನಲ್ಲಿ ಕೆಲವು ದೇಶಗಳಲ್ಲಿಯೂ, 1981ರ ಜೂನ್‌ನಲ್ಲಿ ಅಮೆರಿಕದಲ್ಲಿಯೂ ಬಿಡುಗಡೆಯಾಯಿತು. ಸತ್ಯವನ್ನೇ ಹೇಳಬೇಕಾದರೆ ಜನ ಅದನ್ನು ಮೆಚ್ಚಿದರು. ಅಮೆರಿಕವೊಂದರಲ್ಲೇ ಹತ್ತು ಕೋಟಿ ಡಾಲರ್ ಮೀರಿ ಗಳಿಸಿತು, ವಿಮರ್ಶಕರೂ ಹೊಗಳಿದರು. ಪ್ರೇಕ್ಷಕರಲ್ಲಿ ಹೆಚ್ಚಿನವರಿಗೆ ನಿರ್ದೇಶಕ ಬದಲಾದದ್ದೇ ತಿಳಿಯಲಿಲ್ಲ. ಹಾಗಿದ್ದ ಮೇಲೆ ಅಭಿಮಾನಿಗಳ ಅಳಲು ಯಾವುದಕ್ಕೆಂದು ಕೇಳಬಹುದು.

ಅಳಲು ನಿಧಾನವಾಗಿ ಹುಟ್ಟಿತು. ಹತ್ತಾರು ಬಾರಿ ನೋಡಿದವರಿಗೆ ಹೊಲಿಗೆ ಕಾಣತೊಡಗಿತು. ಒಂದು ದೃಶ್ಯದಲ್ಲಿ ರೀವ್ ತೆಳ್ಳಗಿದ್ದಾರೆ, ಮರುದೃಶ್ಯದಲ್ಲಿ ಮೈ ತುಂಬಿಕೊಂಡಿದ್ದಾರೆ; ಕಿಡರ್ ಅವರ ಮುಖ, ಕೂದಲು ಒಂದು ಬಾಗಿಲು ದಾಟುವಷ್ಟರಲ್ಲಿ ಬದಲಾಗುತ್ತವೆ. ಎರಡು ವರ್ಷಗಳ ಅಂತರದಲ್ಲಿ ತೆಗೆದ ತುಂಡುಗಳು ಅವು. ಹ್ಯಾಕ್‌ಮನ್ ಅವರ ಮುಖ ಕಂಡಲ್ಲೆಲ್ಲ ಅದು ಡಾನರ್ ತೆಗೆದುದೆಂಬ ಗುಟ್ಟನ್ನು ಅಭಿಮಾನಿಗಳು ಒಬ್ಬರಿಗೊಬ್ಬರು ಹೇಳಿಕೊಂಡರು. ನಗರದ ಬೀದಿಯಲ್ಲಿ ದುಷ್ಟರು ಬಿರುಗಾಳಿ ಎಬ್ಬಿಸಿ ಜನ ಪ್ರಾಣಭಯದಲ್ಲಿರುವಾಗ ಒಬ್ಬಾತ ದೂರವಾಣಿ ಹಿಡಿದು ನಗುತ್ತ ಹರಟುತ್ತಲೇ ಇರುತ್ತಾನೆ. ಒಬ್ಬನ ಐಸ್‌ಕ್ರೀಂ ಅವನ ಮುಖಕ್ಕೇ ಬಡಿಯುತ್ತದೆ. ಲೆಸ್ಟರ್ ಹಾಸ್ಯಚಿತ್ರಗಳಲ್ಲಿ ಪಳಗಿದವರು, ಅವರಿಗೆ ಇದು ಸಹಜ. ಆದರೆ ಅಪಹಾಸ್ಯದ ಎಳೆಯೂ ಇರಬಾರದೆಂದಿದ್ದ ಚಿತ್ರದಲ್ಲಿ ಈ ವಿನೋದ ಊಟದ ನಡುವೆ ಸಿಕ್ಕ ಹರಳಿನಂತಾಯಿತು. ಮೂರನೆಯ ಭಾಗವನ್ನು ಲೆಸ್ಟರ್ ಮೊದಲಿನಿಂದ ಕೊನೆಯವರೆಗೆ ತಾವೇ ತೆಗೆದು, ಹಾಸ್ಯನಟ ರಿಚರ್ಡ್ ಪ್ರಯರ್ ಅವರಿಗೆ ನಾಯಕನಷ್ಟೇ ಜಾಗ ಕೊಟ್ಟಾಗ, ಕಳೆದುಕೊಂಡದ್ದು ಏನೆಂಬುದು ಜನಕ್ಕೆ ಇನ್ನೂ ಸ್ಪಷ್ಟವಾಯಿತು.

ಇನ್ನೊಂದು ಆಕಸ್ಮಿಕವೂ ಕೂಡಿಬಂದಿತು. 1984ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಈ ಚಿತ್ರವನ್ನು ತೋರಿಸುವಾಗ, ಹೊತ್ತು ತುಂಬಿಸಲೆಂದು ಚಿತ್ರಮಂದಿರದಲ್ಲಿ ಯಾರೂ ಕಾಣದಿದ್ದ ಕೆಲವು ದೃಶ್ಯಗಳನ್ನು ಸೇರಿಸಿದರು. ಅವುಗಳಲ್ಲಿ ಡಾನರ್ ತೆಗೆದವೂ ಇದ್ದವು. ಅಲ್ಲಿಗೆ, ಪೆಟ್ಟಿಗೆಯಲ್ಲಿ ಇನ್ನೂ ಏನೋ ಇದೆಯೆಂಬುದು ಖಾತರಿಯಾಯಿತು. ಒಂದೊಂದು ದೇಶದ ದೂರದರ್ಶನದಲ್ಲಿ ಒಂದೊಂದು ಬಗೆಯ ತುಂಡು ಬಂದಿತ್ತು. ಅಭಿಮಾನಿಗಳು ಅವನ್ನು ಮನೆಯ ವಿಡಿಯೋ ಕ್ಯಾಸೆಟ್ಟುಗಳಲ್ಲಿ ಇಳಿಸಿಕೊಂಡು, ಅಂಚೆಯ ಮೂಲಕ ಒಬ್ಬರಿಗೊಬ್ಬರು ಕಳುಹಿಸಿ, ತುಂಡಿಗೆ ತುಂಡು ಹೊಂದಿಸಿ, ಕೊನೆಗೆ ತಮ್ಮದೇ ಒಂದು ಉದ್ದದ ಆವೃತ್ತಿಯನ್ನು ಕೂಡಿಸಿದರು. ಹಣದ ಆಸೆಯಿಲ್ಲದೆ, ಹೆಸರಿನ ಹಂಬಲವಿಲ್ಲದೆ ಮಾಡಿದ ಈ ಕೆಲಸವನ್ನು ತಾಳೆಯ ಗರಿಗಳನ್ನು ಊರೂರು ಅಲೆದು ಕೂಡಿಸಿದವರ ವಂಶದವರಾದ ನಾವು ಹಗುರವಾಗಿ ಕಾಣಲಾರೆವು. ಜೊತೆಗೆ ಚಿತ್ರದ ಒಡೆತನವಿದ್ದ ವಾರ್ನರ್ ಸಂಸ್ಥೆಗೆ ಪತ್ರಗಳ ಮೇಲೆ ಪತ್ರಗಳು ಹೋದವು. ಡಾನರ್ ಅವರಿಗೇ ಈ ಹಳೆಯ ಗಾಯವನ್ನು ಕೆದಕಲು ಮನಸ್ಸಿರಲಿಲ್ಲವೆಂಬುದು ವಿಶೇಷ. ಅವರು ಬೇರೆ ಚಿತ್ರಗಳಲ್ಲಿ ಯಶಸ್ಸು ಕಂಡು ಮುಂದೆ ಸಾಗಿದ್ದರು. ಪಟ್ಟು ಬಿಡದಿದ್ದವರು ಅಭಿಮಾನಿಗಳು.

ದಾರಿ ತೆರೆದದ್ದು 2006ರಲ್ಲಿ. ಆ ವರ್ಷ ಹೊಸ ಸೂಪರ್‌ಮ್ಯಾನ್ ಚಿತ್ರವೊಂದಕ್ಕೆ ಬ್ರಾಂಡೋ ಅವರ ಹಳೆಯ ದೃಶ್ಯಗಳನ್ನು ಬಳಸಿಕೊಳ್ಳಲು ಅವರ ವಾರಸುದಾರರೊಂದಿಗೆ ಒಪ್ಪಂದವಾಯಿತು. ಅದರಿಂದ ಹಳೆಯ ಬೀಗವೂ ಬಿಚ್ಚಿಕೊಂಡಿತು. ಇಂಗ್ಲೆಂಡಿನಲ್ಲಿ ದಾಸ್ತಾನಿದ್ದ ರೀಲುಗಳನ್ನು ತರಿಸಿ, ಮೈಕೇಲ್ ಥೌ ಎಂಬ ಸಂಕಲನಕಾರರು ಡಾನರ್ ಅವರ ಸಲಹೆಯಂತೆ ಚಿತ್ರವನ್ನು ಮತ್ತೆ ಕಟ್ಟಿದರು. 2006ರ ನವೆಂಬರ್‌ನಲ್ಲಿ ಅದು ಡಾನರ್ ಆವೃತ್ತಿಯೆಂಬ ಹೆಸರಿನಲ್ಲಿಯೇ ಡಿ.ವಿ.ಡಿ.ಯಾಗಿ ಹೊರಬಂದಿತು.

ಇದರಲ್ಲಿ ಮರಳಿ ಬಂದ ತಂದೆಮಗನ ಪ್ರಸಂಗವನ್ನು ನೋಡಿದ ಮೇಲೆ ಅಭಿಮಾನಿಗಳ ಹಟ ನಮಗೆ ಅರ್ಥವಾಯಿತು. ಕಥೆ ಹೀಗಿದೆ: ಪ್ರೀತಿಸಿದವಳೊಡನೆ ಸಾಮಾನ್ಯ ಮನುಷ್ಯನಾಗಿ ಬಾಳಬೇಕೆಂದು ನಾಯಕನು ತನ್ನ ಶಕ್ತಿಯನ್ನೆಲ್ಲ ತ್ಯಜಿಸುತ್ತಾನೆ. ಅಷ್ಟರಲ್ಲಿ ಮೂವರು ದುಷ್ಟರು ಲೋಕವನ್ನು ಹಿಡಿದುಕೊಳ್ಳುತ್ತಾರೆ. ತಪ್ಪಿನ ಅರಿವಾಗಿ, ಒಬ್ಬನೇ ನಡೆದು, ಹಿಮದ ನಡುವಣ ತನ್ನ ನೆಲೆಗೆ ಮರಳುತ್ತಾನೆ. ಲೆಸ್ಟರ್ ಆವೃತ್ತಿಯಲ್ಲಿ ಅವನಿಗೆ ಒಂದು ಹಸಿರು ಹರಳು ಸಿಗುತ್ತದೆ. ಶಕ್ತಿ ಹೇಗೆ ಬಂತೆಂಬುದನ್ನು ಕಾಣಿಸದೆಯೇ ಕಥೆ ಮುಂದೆ ಹೋಗುತ್ತದೆ. ಡಾನರ್ ಆವೃತ್ತಿಯಲ್ಲಿ ಸತ್ತ ತಂದೆಯ ಛಾಯೆ ಮಗನ ಮುಂದೆ ನಿಲ್ಲುತ್ತದೆ. ಇಂಥದೊಂದು ದಿನ ಬರುವುದೆಂದು ತನಗೆ ಗೊತ್ತಿತ್ತು ಎನ್ನುತ್ತಾನೆ ತಂದೆ. ತನ್ನಲ್ಲಿ ಉಳಿದಿರುವ ಕಟ್ಟಕಡೆಯ ಚೈತನ್ಯವನ್ನೂ ಮಗನಿಗೆ ಮುಟ್ಟಿಸಿ ಅವನು ಶಾಶ್ವತವಾಗಿ ಇಲ್ಲವಾಗುತ್ತಾನೆ. ಇನ್ನು ಮುಂದೆ ಕೇಳಲು ತಂದೆಯಿಲ್ಲ. ಮೊದಲನೆಯ ಭಾಗದಲ್ಲಿ ತಂದೆ ಆಡಿದ ಮಾತುಗಳು ಇಲ್ಲಿ ಬಂದು ಫಲಿಸುತ್ತವೆ. ಎರಡು ಭಾಗಗಳನ್ನೂ ಒಂದು ಮಾಡುತ್ತಿದ್ದ ಗಂಟೇ ಇದು. ನ್ಯಾಯಾಲಯದ ಜಗಳ ಒಂದಕ್ಕಾಗಿ ಅದನ್ನು ಕತ್ತರಿಸಿ ಹಾಕಿದ್ದರು!

ತಂದೆಯಾಗಿ ನಟಿಸಿದ ಬ್ರಾಂಡೋ 2004ರ ಜುಲೈನಲ್ಲಿ ತೀರಿಕೊಂಡರು. ಕುದುರೆಯಿಂದ ಬಿದ್ದು 1995ರಿಂದ ಪಾರ್ಶ್ವವಾಯುವಿನಲ್ಲಿ ಗಾಲಿಕುರ್ಚಿಯಲ್ಲೇ ಇದ್ದ ರೀವ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಇಬ್ಬರೂ ಇಲ್ಲವಾದ ಎರಡು ವರ್ಷಗಳಿಗೆ ಆ ತಂದೆ ಈ ಮಗನನ್ನು ಮುಟ್ಟಿದ್ದನ್ನು ಜನ ಮೊದಲ ಬಾರಿಗೆ ಕಂಡರು. ಈ ಆವೃತ್ತಿಯನ್ನು ರೀವ್ ಅವರ ನೆನಪಿಗೇ ಅರ್ಪಿಸಲಾಗಿದೆ.

ದೋಷಗಳಿಲ್ಲವೆಂದಲ್ಲ. ಡಾನರ್ ಎಂದೂ ತೆಗೆಯದೆ ಬಿಟ್ಟ ಭಾಗಗಳಿಗೆ ಲೆಸ್ಟರ್ ಅವರ ದೃಶ್ಯಗಳನ್ನೇ ಉಳಿಸಿಕೊಳ್ಳಬೇಕಾಯಿತು. ಕಾಲವನ್ನು ಹಿಂದಿರುಗಿಸುವ ಅಂತ್ಯವನ್ನು ಮತ್ತೆ ಇಲ್ಲಿ ತಂದಿರುವುದರಿಂದ, ಎರಡೂ ಚಿತ್ರಗಳನ್ನು ಒಟ್ಟಿಗೆ ನೋಡುವವನಿಗೆ ಅದೇ ಚಮತ್ಕಾರ ಎರಡು ಸಲವಾಗಿ ಪೇಲವವೆನ್ನಿಸುತ್ತದೆ. ಕ್ಲಾರ್ಕ್‌ನೇ ಸೂಪರ್‌ಮ್ಯಾನ್ ಎಂಬುದನ್ನು ಲೋಯಿಸ್ ಅವನತ್ತ ಪಿಸ್ತೂಲು ಹಾರಿಸಿ ಬಯಲು ಮಾಡುವ ದೃಶ್ಯ ಚಿತ್ರೀಕರಣವಾಗಿಯೇ ಇರಲಿಲ್ಲ. ಪಾತ್ರಕ್ಕೆ ಆರಿಸುವ ಮೊದಲು ಅವರಿಬ್ಬರಿಂದ ಮಾಡಿಸಿದ್ದ ಪರೀಕ್ಷಾ ಅಭಿನಯದ ತುಣುಕುಗಳನ್ನೇ ಅಲ್ಲಿ ಜೋಡಿಸಿದ್ದಾರೆ. ವೇಷ ಬೇರೆ, ಬೆಳಕು ಬೇರೆ, ರೀವ್ ಇನ್ನೂ ಕಡ್ಡಿಯಂಥ ಹುಡುಗ. ಆದರೂ ಇಡೀ ಚಿತ್ರದಲ್ಲಿ ಅದಕ್ಕಿಂತ ಲವಲವಿಕೆಯ ದೃಶ್ಯ ನಮಗೆ ಕಾಣಲಿಲ್ಲ. ಪಿಸ್ತೂಲಿನಲ್ಲಿ ಗುಂಡೇ ಇರಲಿಲ್ಲವೆಂದು ಅವಳು ಹೇಳಿದಾಗ ಅವನ ಮುಖವನ್ನು ನೋಡಬೇಕು!

ಒಂದೇ ಕೃತಿ ಹಲವರ ಕೈಯಲ್ಲಿ ಹಲವು ರೂಪ ತಾಳುವುದು ನಮ್ಮವರಿಗೆ ಹೊಸತಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ಶೂನ್ಯಸಂಪಾದನೆಯನ್ನು ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣಾರ್ಯರು ಒಬ್ಬರ ಬಳಿಕ ಒಬ್ಬರು ಪರಿಷ್ಕರಿಸಿದರು. ನಾಲ್ಕೂ ಉಳಿದು ಬಂದಿವೆ. ಓದುವವನು ಪಕ್ಕಪಕ್ಕದಲ್ಲಿಟ್ಟು ತೂಗಿನೋಡಬಹುದು. ಇಂದು ಈ ಚಿತ್ರಕ್ಕೂ ಆ ಭಾಗ್ಯ ಒದಗಿದೆಯೆಂಬುದಷ್ಟೇ ನಮ್ಮ ಮಾತು, ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಲಾಗದು.

ಅಭಿಮಾನವು ತಿರುಗಿ ಅತಿರೇಕವಾಗುವುದನ್ನೂ ಈಚಿನ ವರ್ಷಗಳಲ್ಲಿ ಕಂಡಿದ್ದೇವೆ. 2017ರಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮೊದಲಾದವರೆಲ್ಲ ಕೂಡುವ ‘ಜಸ್ಟಿಸ್ ಲೀಗ್’ ಚಿತ್ರವನ್ನು ಝಾಕ್ ಸ್ನೈಡರ್ ನಿರ್ದೇಶಿಸುತ್ತಿದ್ದಾಗ ಅವರ ಮಗಳು ಆತ್ಮಹತ್ಯೆ ಮಾಡಿಕೊಂಡಳು. ಮನೆಯ ಮೇಲೆ ಬಿದ್ದ ಆ ದುಃಖದಲ್ಲಿ ಅವರು ಹಿಂದೆ ಸರಿದರು. ಜಾಸ್ ವೀಡನ್ ಬಂದು ಬಹಳಷ್ಟನ್ನು ಬದಲಾಯಿಸಿ, ವಿನೋದ ಬೆರೆಸಿ, ಮೊಟಕುಗೊಳಿಸಿ ಮುಗಿಸಿದರು. ನಾಯಕನಟ ಹೆನ್ರಿ ಕ್ಯಾವಿಲ್ ಬೇರೊಂದು ಚಿತ್ರಕ್ಕಾಗಿ ಮೀಸೆ ಬಿಟ್ಟಿದ್ದು, ಆ ಸಂಸ್ಥೆಯವರು ಬೋಳಿಸಲು ಒಪ್ಪದೆ, ಕೊನೆಗೆ ಗಣಕಯಂತ್ರದಿಂದ ಮೀಸೆ ಅಳಿಸಬೇಕಾಗಿ ಬಂತು. ಸೂಪರ್‌ಮ್ಯಾನನ ಮೇಲ್ತುಟಿಯ ವಿಕಾರವನ್ನು ಕಂಡು ಲೋಕವೇ ನಕ್ಕಿತು. ಅಭಿಮಾನಿಗಳು ಮಾತ್ರ ನಗಲಿಲ್ಲ. ಮೂಲ ಆವೃತ್ತಿ ಬೇಕೆಂದು ಸಹಿ ಕೂಡಿಸಿದರು. ಹಣ ಕೂಡಿಸಿ ಜಾಹೀರಾತು ಫಲಕ ಹಾಕಿಸಿದರು. 2019ರಲ್ಲಿ ಸ್ಯಾನ್ ಡಿಯಾಗೋ ನಗರದ ಮೇಳದ ಮೇಲೆ ವಿಮಾನಕ್ಕೆ ಬರಹ ಕಟ್ಟಿ ಹಾರಿಸಿದರು. ಅದೇ ಜನ ಆತ್ಮಹತ್ಯೆ ತಡೆಯುವ ಸೇವಾಸಂಸ್ಥೆಗೆ ಐದು ಲಕ್ಷ ಡಾಲರ್‌ಗಿಂತ ಹೆಚ್ಚು ದೇಣಿಗೆಯನ್ನೂ ಕೂಡಿಸಿಕೊಟ್ಟರು. ಮಗಳನ್ನು ಕಳೆದುಕೊಂಡವನಿಗೆ ಹೇಳಬಹುದಾದ ಸಾಂತ್ವನದಲ್ಲಿ ಇದಕ್ಕಿಂತ ಮಿಗಿಲಾದದ್ದು ಯಾವುದಿದ್ದೀತು? 2021ರ ಮಾರ್ಚ್‌ನಲ್ಲಿ ನಾಲ್ಕು ಗಂಟೆಗಳ ಸ್ನೈಡರ್ ಆವೃತ್ತಿ ಹೊರಬಂದಿತು.

ಆದರೆ ಅದೇ ಗುಂಪಿನೊಳಗಿಂದ ಸಂಸ್ಥೆಯ ಅಧಿಕಾರಿಗಳಿಗೂ ವಿಮರ್ಶಕರಿಗೂ ಬೈಗುಳ, ಬೆದರಿಕೆಗಳು ಹೋದವು. ಈ ಪ್ರಚಾರದಲ್ಲಿ ದನಿಗೂಡಿಸಿದ ಖಾತೆಗಳಲ್ಲಿ ನೂರಕ್ಕೆ ಹದಿಮೂರರಷ್ಟಾದರೂ ನಿಜವಾದ ಮನುಷ್ಯರವಲ್ಲವೆಂದು 2022ರಲ್ಲಿ ಅಮೆರಿಕದ ಪತ್ರಿಕೆಯೊಂದು ಬರೆಯಿತು. ದಾಸೋಹವೂ ದೂಷಣೆಯೂ ಒಂದೇ ಮನೆಯಲ್ಲಿ ಹೀಗೆ ಕೂಡಿಕೊಂಡದ್ದು ನಮಗೆ ಖೇದವನ್ನು ಉಂಟುಮಾಡಿತು. ನಿರ್ದೇಶಕ ಬದಲಾದ ಮಾತ್ರಕ್ಕೆ ಬಂದವನೆಲ್ಲ ಕಳ್ಳನಾಗುವುದಿಲ್ಲ. ಬ್ಯಾಟ್‌ಮ್ಯಾನ್ ಚಿತ್ರಗಳ ಎರಡನೆಯ ಭಾಗ 1992ರಲ್ಲಿ ಬಂದಾಗ ಅದು ಮಕ್ಕಳಿಗೆ ತೀರ ಭಯಂಕರವೆಂದು ತಂದೆತಾಯಿಗಳು ದೂರಿದರು. ಆ ಕಾರಣದಿಂದ ಟಿಮ್ ಬರ್ಟನ್ ಅವರ ಜಾಗಕ್ಕೆ ಜೋಯೆಲ್ ಶೂಮಾಕರ್ ಬಂದು ಸಂಸ್ಥೆ ಹೇಳಿದಂತೆ ಬಣ್ಣಬಣ್ಣವಾಗಿ ತೆಗೆದರು. 1997ರ ಭಾಗ ಸೋತಾಗ ಬೈಸಿಕೊಂಡವರು ಅವರೊಬ್ಬರೇ. ಮುಂದೆ ಪ್ರೇಕ್ಷಕರ ಕ್ಷಮೆಯನ್ನೂ ಬೇಡಿದರು. ದೂರಿದ ತಂದೆತಾಯಿಗಳನ್ನು ಯಾರೂ ಕೇಳಲಿಲ್ಲ.

ಡಾನರ್ 2021ರ ಜುಲೈನಲ್ಲಿ, ತಮ್ಮ 91ನೆಯ ವಯಸ್ಸಿನಲ್ಲಿ, ತಮ್ಮ ಹೆಸರಿನ ಚಿತ್ರವನ್ನು ಕಂಡು ಕಣ್ಮುಚ್ಚಿದರು. ಇನ್ನು ಲೆಸ್ಟರ್. ಅಭಿಮಾನಿಗಳ ಕಥೆಯಲ್ಲಿ ಅವರದು ಖಳನ ಪಾತ್ರ. ಆದರೆ ಅವರು 1964ರಲ್ಲೇ ಬೀಟಲ್ಸ್ ಗಾಯಕರ ಚಿತ್ರದಿಂದ ಹೆಸರಾದವರು, ಬಾಕಿ ಹಣಕ್ಕಾಗಿ ಬಂದು ಇನ್ನೊಬ್ಬರ ಜಗಳದ ನಡುವೆ ನಿಂತವರು. 1988ರಲ್ಲಿ ಅದೇ ಬಂದೂಕುಧಾರಿಗಳ ಕಥೆಯ ಮೂರನೆಯ ಚಿತ್ರವನ್ನು ಸ್ಪೇನ್‌ನಲ್ಲಿ ತೆಗೆಯುತ್ತಿದ್ದಾಗ, ಅವರ ಆಪ್ತಮಿತ್ರನಾದ ನಟ ರಾಯ್ ಕಿನ್ನಿಯರ್ ಕುದುರೆಯಿಂದ ಬಿದ್ದು ಮರುದಿನ ತೀರಿಕೊಂಡರು. ಕೈಗೆತ್ತಿಕೊಂಡದ್ದನ್ನು ಲೆಸ್ಟರ್ ಹೇಗೋ ಮುಗಿಸಿಕೊಟ್ಟರು. ಆಮೇಲೆ ಕಥಾಚಿತ್ರವೊಂದನ್ನೂ ಅವರು ನಿರ್ದೇಶಿಸಲಿಲ್ಲ.